ಹಾಡು ನಿಲ್ಲಿಸಿ ಕೇಳುತ್ತಿದ್ದ ಮಾಯಕ್ಕ

ಮಾಯಕ್ಕನ ಕೊರಳಲ್ಲಿ ಒಂದು ಸ್ಪೀಕರ್ ತೂಗುತ್ತಿತ್ತು. ಹಳೆಯ ರೇಡಿಯೋದಿಂದ ಕಿತ್ತ, ಅಂಗೈಯಗಲದ ಸ್ಪೀಕರ್. ಅದಕ್ಕೆ ಕರಿದಾರ ಪೋಣಿಸಿ ಬೋರಮಾಳ ಸರದ ಜೊತೆಗೇ ಹಾಕಿಕೊಂಡಿದ್ದಳು. ಹಿಂದಿನಿಂದ ಎರಡು ತಂತಿ ಇಳಿಬಿದ್ದಿದ್ದವು, ತುದಿಗೆ ಹಲ್ಲಿನ ಕ್ಲಿಪ್ಪು, ನಡುವೆ ಕರೆಂಟನ್ನು ತಡೆದು ಸದ್ದನ್ನಷ್ಟೇ ಬಿಡುವ ಒಂದು ಕಂಡೆನ್ಸರ್. ಮದುವೆಗೆ ಹೋದರೂ ಅದನ್ನು ತೆಗೆಯುತ್ತಿರಲಿಲ್ಲ. ಯಾರಾದರೂ ನಕ್ಕರೆ ಅಲ್ಲೇ ಜಾಡಿಸುತ್ತಿದ್ದಳು: "ಡಾಕ್ಟರ್ ಕೊರಳಾಗ ಇದ್ದರ ಕೈ ಮುಗೀತೀರಿ, ನನ್ನ ಕೊರಳಾಗ ಇದ್ದರ ಹಲ್ಲ ಕಿಸೀತೀರೇನ?"

ಎದುರಿಗೆ ನಾನು ಅವಳನ್ನು 'ರಿ' ಹಚ್ಚದೆ ಮಾತಾಡಿಸಿದವಳಲ್ಲ. ಆದರೆ ಬರೆಯಲು ಕೂತರೆ 'ಅವರು' ಎನ್ನಲು ಕೈ ಬರುವುದಿಲ್ಲ. ಅಷ್ಟು ಮರ್ಯಾದೆಯೊಳಗೆ ಮಾಯಕ್ಕ ಹಿಡಿಸುವ ಹೆಂಗಸಲ್ಲ. ಓದುವವರು ತಪ್ಪು ತಿಳಿದರೆ ತಿಳಿಯಲಿ.

ಮೂಡಲಗಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವ ರಸ್ತೆಯ ಬದಿಗೆ ಅವಳ ಅಂಗಡಿ. ಟ್ರ್ಯಾಕ್ಟರಿಗೆ ಟೇಪ್ ಕೂರಿಸುವುದು ಅವಳ ಕೆಲಸ. ಈಗ ಟೇಪೂ ಇಲ್ಲ, ಕ್ಯಾಸೆಟ್ಟೂ ಇಲ್ಲ, ಪೆನ್‌ಡ್ರೈವ್ ಹಾಕಿದರೆ ಹಾಡುತ್ತದೆ. ಆದರೂ ನಮ್ಮ ಕಡೆ ಅದರ ಹೆಸರು ಟೇಪೇ. ಎರಡು ಟ್ರೇಲರ್ ಕಬ್ಬು ಎಳೆಯುತ್ತ, ಡ್ರೈವರನ ತಲೆಯ ಹಿಂದೆ ಗೋಧಿ ಚೀಲದಷ್ಟು ದೊಡ್ಡ ಸ್ಪೀಕರಿನ ಪೆಟ್ಟಿಗೆ ಇಟ್ಟುಕೊಂಡು, ಊರೆಲ್ಲ ನಡುಗುವ ಹಾಗೆ ಹಾಡು ಹಚ್ಚಿಕೊಂಡು ಹೋಗದಿದ್ದರೆ ಅದೆಂಥ ಸೀಜನ್ನು? ಆದರೆ ಹಾಡಿನ ಜೊತೆ ಒಂದು ಪೀಡೆ ಬರುತ್ತದೆ. ಎಂಜಿನ್ ಜೋರಾದಂತೆ ಸ್ಪೀಕರಿನಲ್ಲಿ 'ಕುಂಯ್' ಎಂಬ ಸಣ್ಣ ಅಳು ಏಳುತ್ತದೆ. ರೇಸ್ ಕೊಟ್ಟಷ್ಟೂ ಅದು ಏರುತ್ತದೆ. ಆ ಅಳುವನ್ನು ಬಿಡಿಸುವುದರಲ್ಲಿ ಮಾಯಕ್ಕನನ್ನು ಮೀರಿಸುವವರು ಇರಲಿಲ್ಲ. ಹೀಗೆಂದು ನಾನು ಹೇಳುತ್ತಿಲ್ಲ, ಅವಳೇ ದಿನಾ ಹೇಳುತ್ತಿದ್ದಳು.

ಕೆಲಸ ಮುಗಿದ ಮೇಲೆ ಅವಳದೊಂದು ಕಟ್ಟಳೆ ಇತ್ತು. ಹಾಡನ್ನು ಬಂದ್ ಮಾಡಿ, ಸದ್ದನ್ನು ಪೂರ್ತಿ ಏರಿಸಿ, ಎಂಜಿನ್ನಿಗೆ ರೇಸ್ ಕೊಡಿಸುವಳು. ಆಮೇಲೆ ಗಾಡಿಯ ಧಣಿಯ ಕಿವಿಯನ್ನು ಸ್ಪೀಕರಿನ ಪೆಟ್ಟಿಗೆಗೆ ಹಚ್ಚಿಸಿ ಕೇಳುವಳು: "ಏನ ಕೇಳಸ್ತೈತಿ?"

ಧಣಿ "ಏನೂ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. ಹೇಳುವ ತನಕ ಗಾಡಿಯ ಚಾವಿ ಅವಳ ಸೊಂಟದಲ್ಲೇ. ಒಮ್ಮೆ ಯಾವನೋ ಅವಸರದವನು, "ಹಾಡ ಹಚ್ಚಿದ ಮ್ಯಾಲ ಕುಂಯ್ ಯಾರಿಗೆ ಕೇಳಸ್ತೈತ್ರಿ, ಚಾವಿ ಕೊಡ್ರಿ" ಎಂದ. "ಹಾಡಿನ್ಯಾಗ ಎಲ್ಲಾ ಮುಚ್ಚಿ ಹೋಗತೈತೋ ಮಂಗ್ಯಾ. ಹಾಡ ಬಂದ್ ಮಾಡಿದಾಗ ಏನ ಉಳೀತೈತಿ ಅದ ಖರೆ ಕೆಲಸ" ಎಂದು ಅವನನ್ನು ಮತ್ತೆ ಪೆಟ್ಟಿಗೆಯ ಹತ್ತಿರ ಕೂರಿಸಿದಳು.

ಅವಳ ಬಲಗಿವಿ ಪೂರ್ತಿ ಹೋಗಿತ್ತು. "ಬಲಗಿವಿ ಕಬ್ಬಿನ ಸೀಜನ್ನಿಗೆ ಕೊಟ್ಟೇನಿ, ಎಡಗಿವಿ ನನಗ ಇಟ್ಟಕೊಂಡೇನಿ" ಎನ್ನುತ್ತಿದ್ದಳು. ಕುರಿ ಕಾಯುವ ಮನೆತನದವಳು. ಅಂಗಡಿ ಮೊದಲು ಅವಳ ತಮ್ಮನದಾಗಿತ್ತು. ಒಂದು ದಿನ ಬ್ಯಾಟರಿ ಸಿಡಿದು ಅವನ ಮೀಸೆ ಸುಟ್ಟಿತು. ಹೆದರಿದವನು ಅಂಗಡಿ ಬಿಟ್ಟು ಕುರಿಯ ಹಿಂದೆ ಹೋದ, ಇವಳು ಕುರಿ ಬಿಟ್ಟು ಅಂಗಡಿಗೆ ಬಂದಳು. ಹೆಣ್ಣುಮಗಳು ಸೀರೆ ಎತ್ತಿಕಟ್ಟಿ ಟ್ರ್ಯಾಕ್ಟರಿನ ಮೇಲೆ ಹತ್ತುತ್ತಾಳೆಂದು ಮಂದಿ ಆಡಿಕೊಂಡಾಗ, "ನಾಳೆ ನಿಮ್ಮ ಟೇಪ್ ಅತ್ತಾಗ ಬರ್ರಿ, ಆವಾಗ ಇಳೀತೇನಿ" ಎಂದಿದ್ದಳಂತೆ. ಹಿಂಡಿಗೆ ಹಿಂಡೇ ಕೂಗುವಾಗಲೂ ಕಾಲಿಗೆ ಮುಳ್ಳು ಚುಚ್ಚಿದ ಕುರಿಯ ಕೂಗು ತನಗೆ ಬೇರೆಯಾಗಿ ಕೇಳುತ್ತಿತ್ತು ಎಂದೂ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಅರ್ಧ ಬುರುಡೆ. ಯಾವ ಅರ್ಧ ಎಂಬುದು ಮಾತ್ರ ನನಗೆ ಕಡೆಯವರೆಗೂ ಹತ್ತಲಿಲ್ಲ.

ನಾನು ಅಂಕಲಗಿಯವಳು, ಸುಜಾತಾ. ಅಪ್ಪ ಅವ್ವ ಇನ್ನೊಬ್ಬರ ಹೊಲದಲ್ಲಿ ಕಬ್ಬು ಕಡಿದು ನನ್ನನ್ನು ಗೋಕಾಕದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದರು. ಕಬ್ಬು ಬೆಳೆಗಾರರ ಸಂಘವೊಂದು ಡ್ರೋನ್ ತರಿಸಿ, ಅದನ್ನು ಹಾರಿಸುವವರು ಬೇಕೆಂದಾಗ ನಾನು ತರಬೇತಿ ಮುಗಿಸಿ ಪಾಸಾಗಿ ಹೋದೆ. ಅಪ್ಪ ಬಗ್ಗಿಕೊಂಡು ಕಡಿದ ಕಬ್ಬಿನ ಮೇಲೆ ಮಗಳು ತಲೆಯೆತ್ತಿ ಡ್ರೋನ್ ಹಾರಿಸುವುದೆಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಆವತ್ತು ಅವ್ವ ಬುದ್ಧನ ಪಟದ ಮುಂದೆ ದೀಪ ಹಚ್ಚಿಟ್ಟು, ಡ್ರೋನಿನ ರಿಮೋಟನ್ನು ಪಕ್ಕದಲ್ಲಿಟ್ಟಳು.

ಗೊಣ್ಣೆಹುಳು ಕಬ್ಬಿನ ಬೇರು ತಿನ್ನುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಅಂಚಿನ ಹಸಿರಷ್ಟೇ ಕಾಣುತ್ತದೆ, ನಡುಹೊಲ ಹಳದಿಯಾಗುವುದು ಗೊತ್ತಾಗುವುದಿಲ್ಲ. ಅದನ್ನು ಮೇಲಿನಿಂದ ನೋಡಿ ಹೇಳುವುದು ನನ್ನ ಕೆಲಸ. ಡ್ರೋನಿನ ಹೊಟ್ಟೆಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡು, ಅದಕ್ಕೆ ಯುಎಸ್‌ಬಿ ತಂತಿಯಿಂದ ಜೋಡಿಸಿದ ಕ್ಯಾಮೆರಾ. ಮೇಜಿನ ಮೇಲೆ ಎಲ್ಲ ಚೊಕ್ಕ. ಹೊಲದಲ್ಲಿ ಮಾತ್ರ ಡ್ರೋನ್ ತೆಂಗಿನಮರದಷ್ಟು ಎತ್ತರಕ್ಕೆ ಏರುವುದೇ ತಡ, ಕ್ಯಾಮೆರಾ ಕಣ್ಣು ಮುಚ್ಚುತ್ತಿತ್ತು. ಇಳಿಸಿದರೆ ಮತ್ತೆ ಸುಮ್ಮನೆ ಶುರುವಾಗುತ್ತಿತ್ತು. ಹೊಲದವರ ಮುಂದೆ ನಾನು ಸುಳ್ಳಿಯಾಗುತ್ತಿದ್ದೆ.

ಡ್ರೋನ್ ಕೊಟ್ಟ ಕಂಪನಿಯ ಇಂಜಿನಿಯರ್ ಬಂದ. ಕ್ಯಾಮೆರಾ ಬದಲಿಸಿದ, ಹೋಗಲಿಲ್ಲ ರೋಗ. ಆಮೇಲೆ ಸಂಘದ ಅಧ್ಯಕ್ಷರ ಮುಂದೆ, "ಇವರು ಇಳಿಸುವಾಗ ಬಡಿಸುತ್ತಾರೆ. ಅದಕ್ಕೇ ಒಳಗೆ ಸಡಿಲಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷರು ಬಹಳ ಯೋಚಿಸಿದವರಂತೆ ಗಲ್ಲ ಕೆರೆದುಕೊಂಡರು.

"ಇನ್ನೊಂದ ಸಲ ನೋಡೂಣ್ರಿ. ಬರೂ ವಾರ ಹುಕ್ಕೇರಿ ಕಡೆ ನಮ್ಮ ಹೊಲದಾಗ ಹಾರಸ್ರಿ. ಅವತ್ತೂ ಬಂದ್ ಬಿತ್ತಂದ್ರ ಡ್ರೋನ್ ಬ್ಯಾರೆಯವ್ರ ಕೈಯಾಗ ಕೊಡೂದು. ಹೆಣ್ಮಕ್ಕಳಿಗೆ ಯಾಕ ಬೇಕ ಇಂಥಾ ತ್ರಾಸ?"

ಬೇರೆಯವರೆಂದರೆ ಅವರ ಹೆಂಡತಿಯ ತಮ್ಮನ ಮಗ. ಇದು ಸಂಘದ ಗೋಡೆಗೂ ಗೊತ್ತಿತ್ತು.

ಆ ವಾರವೇ ಮೂಡಲಗಿಯ ಹೊಲವೊಂದರಲ್ಲಿ ಕ್ಯಾಮೆರಾ ಮತ್ತೆ ಮುಚ್ಚಿತು. ಬದುವಿನ ಮೇಲೆ ಕುಕ್ಕರಿಸಿ ಕೂತಿದ್ದೆ. ಕಬ್ಬು ತುಂಬಿಸುತ್ತಿದ್ದ ಡ್ರೈವರ್ ಭೀಮಶಿ ಬಂದು ನಿಂತ. ಬಾಯಲ್ಲಿ ಕಬ್ಬಿನ ತುಂಡು.

"ಅಕ್ಕಾರ, ಇದು ಇಂಜನ್ ಜೋರ ಆದಾಗ ಅಳತೈತೇನ್ರಿ?"

"ಅಳೂದಿಲ್ಲಪಾ, ಸಾಯತೈತಿ."

"ಎರಡೂ ಒಂದ. ನಮ್ಮ ಮಾಯಕ್ಕನ ಕಡೆ ನಡೀರಿ."

ಡ್ರೋನನ್ನು ಟೇಪಿನ ಅಂಗಡಿಗೆ ಒಯ್ಯುವುದೇ ಎಂದು ನನ್ನ ಡಿಪ್ಲೊಮಾ ಒಳಗೇ ಗುರುಗುಟ್ಟಿತು. ಆದರೆ ಬೇರೆ ದಾರಿ ಎಲ್ಲಿತ್ತು? ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಪೆಟ್ಟಿಗೆ ಹಿಡಿದು ಕೂತು ಹೋದೆ.

ಮಾಯಕ್ಕ ಡ್ರೋನನ್ನು ಕೋಳಿ ಎತ್ತಿದ ಹಾಗೆ ಎತ್ತಿ ಹೊಟ್ಟೆ ನೋಡಿದಳು. ಅಂಗಡಿಯಲ್ಲಿ ಕೂತಿದ್ದ ಮುದುಕನೊಬ್ಬ ನನ್ನತ್ತ ಗದ್ದ ತೋರಿಸಿ, "ಈಕಿ ಯಾರ ಪೈಕಿ?" ಎಂದು ಕೇಳಿದ. ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಯಕ್ಕ ತಲೆಯೆತ್ತದೆ ಹೇಳಿದಳು:

"ನನ್ನ ಪೈಕಿ. ವಾಯರಿನ ಪೈಕಿ. ಮತ್ತೇನರ ಕೇಳೂದೈತೇನ ಕಾಕಾ?"

ಕಾಕಾ ಬೀಡಿ ಹುಡುಕತೊಡಗಿದ. ಅವಳು ನನ್ನತ್ತ ತಿರುಗಿದಳು.

"ಮೇಜಿನ ಮ್ಯಾಲ ಬಂದ್ ಆಗೂದಿಲ್ಲ?"

"ಇಲ್ಲರಿ."

"ಏರ ಹತ್ತುವಾಗ ಆಗತೈತಿ."

"ಹೌದ್ರಿ. ಏರುವಾಗ ಮೋಟಾರು ಬ್ಯಾಟರಿಯಿಂದ ಭಾಳ ಕರೆಂಟ್ ಎಳೀತಾವು. ಆವಾಗ ಕ್ಯಾಮೆರಾಕ್ಕ ಸಿಗಬೇಕಾದ ಐದು ವೋಲ್ಟ್ ಕುಸೀತೈತಿ ಅನ್ನೂ ಸಂಶೆ ನನಗ. ಆದ್ರ ಕಂಪನಿಯವರು ಒಪ್ಪೂದಿಲ್ಲ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ ಅಂತಾರ."

"ನೆಲಾನೂ ಒಮ್ಮೊಮ್ಮೆ ಡೊಂಕ ಇರತೈತಿ. ಬಗ್ಗಿ ನೋಡಾಕ ಅವ್ನಿಗೇನ ರೋಗ?"

ಅಷ್ಟು ಹೊತ್ತಿಗೆ ನಾನು ಅವಳ ಕಡೆಯವಳಾಗಿದ್ದೆ. ಅವಳು ಯುಎಸ್‌ಬಿ ತಂತಿಯ ಸಿಪ್ಪೆ ಸುಲಿದು ಒಳಗಿನ ಎಳೆ ತೋರಿಸಿದಳು. "ಇದು ವಾಯರೋ ಕೂದಲೋ?" ಅದು ಖರೆಯೇ. ಅಷ್ಟು ತೆಳುವಾದ ಎಳೆಯಲ್ಲಿ, ಅಷ್ಟು ಉದ್ದ ಹೋಗುವಷ್ಟರಲ್ಲಿ ಐದು ವೋಲ್ಟ್ ಐದಾಗಿ ಉಳಿಯುವುದಿಲ್ಲ. ಕ್ಯಾಮೆರಾಕ್ಕೇ ಬೇರೆಯಾಗಿ ಐದು ವೋಲ್ಟ್ ಕೊಡುವ ಚಿಕ್ಕ ಬೋರ್ಡನ್ನು ಅದರ ಪಕ್ಕದಲ್ಲೇ ಕೂರಿಸುವುದೆಂದು ಇಬ್ಬರೂ ಒಪ್ಪಿದೆವು. ಎರಡು ಕಡೆಯ ಕರೆಂಟ್ ಕೂಡಿ ಜಗಳವಾಡದಂತೆ ಯುಎಸ್‌ಬಿ ತಂತಿಯ ಕೆಂಪು ಎಳೆಯನ್ನು ಕತ್ತರಿಸಿದೆ. ಅವಳು ಬ್ಯಾಟರಿಯ ಪ್ಲಸ್‌ನಿಂದ ದಪ್ಪ ತಂತಿ ಎಳೆದಳು. ಮೈನಸ್ ತಂತಿಯನ್ನು ಮಾತ್ರ ಡ್ರೋನಿನ ಮೈಗೇ ಒಂದು ಸ್ಕ್ರೂ ಹಾಕಿ ಬಿಗಿದಳು.

"ಮಾಯಕ್ಕಾ, ಮೈನಸ್ ಬಾಡೀಗೆ ಯಾಕ್ರಿ?"

"ಬಾಡೀನ ಮೈನಸ್ ಬೇ. ಗಾಡಿ ಹುಟ್ಟಿದಾಗಿಂದ ಹಂಗ ಐತಿ."

"ಟ್ರ್ಯಾಕ್ಟರದ್ದು ಕಬ್ಬಿಣರಿ. ಇದು ಕಾರ್ಬನ್. ಕರೆಂಟ್ ಹೋಗತೈತಿ, ಆದ್ರ ನೆಟ್ಟಗ ಹೋಗೂದಿಲ್ಲ."

ಅವಳು ಮೀಟರಿನ ಎರಡು ಕಡ್ಡಿಯನ್ನು ಡ್ರೋನಿನ ಮೈಗೆ ಚುಚ್ಚಿದಳು. ಮೀಟರು 'ಬೀಪ್' ಎಂದಿತು. "ಕೂಗತೈತಿ ನೋಡ! ಇನ್ನೇನ ಬೇಕ ನಿನಗ?" ಎಂದು ಗೆದ್ದವಳಂತೆ ನನ್ನ ಮುಖ ನೋಡಿದಳು. ಟ್ರ್ಯಾಕ್ಟರಿನ ಮೈಯನ್ನೇ ವಾಪಸ್ ದಾರಿ ಮಾಡಿಕೊಂಡು ಬದುಕಿದ ಕೈ ಅದು. ಎಷ್ಟು ವಾದ ಮಾಡಿದರೂ ಕೇಳಲಿಲ್ಲ. ಹಟವೆಂದರೆ ಹಟ, ಯಪ್ಪಾ!

ಅಂಗಡಿಯ ಹಿಂದಿನ ಬಯಲಿನಲ್ಲಿ ಹಾರಿಸಿದೆ. ಮಾಳಿಗೆಯ ಎತ್ತರಕ್ಕೆ ಏರುವಷ್ಟರಲ್ಲಿ ಕ್ಯಾಮೆರಾ ಸತ್ತಿತು. ಅಷ್ಟೇ ಆಗಿದ್ದರೆ ಆಗಲಿ ಅನ್ನುತ್ತಿದ್ದೆ. ಮೈಯಲ್ಲಿ ಹರಿದ ಕರೆಂಟಿಗೆ ದಿಕ್ಕು ತೋರುವ ದಿಕ್ಸೂಚಿಯೂ ಹುಚ್ಚೆದ್ದು, ಡ್ರೋನ್ ಗಿರ್ರನೆ ಸುತ್ತಿ, ಓರೆಯಾಗಿ ಬಂದು ಪಕ್ಕದ ಕಬ್ಬಿನೊಳಗೆ ಬಿತ್ತು. ಒಂದು ರೆಕ್ಕೆ ಮುರಿಯಿತು.

"ಹೇಳಿದ್ನಿಲ್ರಿ ನಾ? ಬಾಡಿ ಬ್ಯಾಡ ಅಂತ ಹೇಳಿದ್ನಿಲ್ರಿ? ನಿಮ್ಮ ಹಟಕ್ಕ ನನ್ನ ಅನ್ನಾ ಹೋತಲ್ರಿ! ನಾಳೆ ಆ ಹುಡುಗನ ಕೈಯಾಗ ಡ್ರೋನ್ ಕೊಟ್ಟು, ನೀ ಹೋಗಿ ನಿಮ್ಮಪ್ಪನಂಗ ಕಬ್ಬ ಕಡಿ ಅಂತಾರ!" ಎಂದು ಬಯಲಿನ ನಡುವೆ ನಿಂತು ಕೂಗಾಡಿದೆ. ಅಳು ಬಂದರೂ ಕೂಗುವುದು ಬಿಡಲಿಲ್ಲ.

ಮಾಯಕ್ಕ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಅವಳ ಬಾಯಲ್ಲಿ ನಾನು ಎಂದೂ ಕೇಳಿಲ್ಲ. ಕಬ್ಬಿನೊಳಗೆ ನುಗ್ಗಿ ಡ್ರೋನನ್ನು ಎತ್ತಿಕೊಂಡು ಬಂದಳು. ಕಬ್ಬಿನ ಗರಿ ಮುಖ ಕೊಯ್ದು ಗೆರೆ ಎಳೆದಿತ್ತು. ಮಣ್ಣು ಒರೆಸುತ್ತ ಕೇಳಿದಳು:

"ಮೊದಲ ಎಷ್ಟ ಎತ್ತರಕ್ಕ ಬಂದ್ ಆಗತಿತ್ತು?"

"ತೆಂಗಿನಮರದಷ್ಟರಿ."

"ಇವತ್ತ?"

"ಮಾಳಿಗಿ ಅಷ್ಟರಿ."

"ಹಂಗಾರ ರೋಗ ಜೋರಾತು. ಜೋರಾತಂದ್ರ ನನ್ನ ಕೈ ರೋಗದ ಮ್ಯಾಲ ಬಿದ್ದೈತಿ. ಅಳೂದ ಆಮ್ಯಾಲ ಅಳ, ಮೊದಲ ರೆಕ್ಕಿ ಬಿಚ್ಚ."

ಇಂಥ ಹೆಂಗಸನ್ನು ಏನು ಮಾಡಬೇಕು ಹೇಳಿ? ಆದರೆ ಮಾತಿನಲ್ಲಿ ತಿರುಳಿತ್ತು. ನಾವು ಸೇರಿಸಿದ್ದರಲ್ಲಿ ರೋಗ ಹೆಚ್ಚಿಸುವಂಥದ್ದು ಒಂದೇ, ಮೈನಸ್ಸಿಗೆ ಮೈಯ ದಾರಿ. ಅದರಿಂದ ರೋಗ ಹೆಚ್ಚಾಯಿತೆಂದರೆ, ಮೊದಲಿನಿಂದಲೂ ಮೈಯಲ್ಲೇ ಏನೋ ಇರಬೇಕು.

ನಾಲ್ಕೂ ರೆಕ್ಕೆ ತೆಗೆದೆವು. ಅವಳ ಹಲಗೆಗೆ ಡ್ರೋನನ್ನು ಹಗ್ಗದಿಂದ ಬಿಗಿದೆವು. ನಾನು ಮೋಟಾರು ತಿರುಗಿಸಿದೆ. ಅವಳು ಕೊರಳ ಸ್ಪೀಕರನ್ನು ಎಡಗಿವಿಗೆ ಒತ್ತಿಕೊಂಡು, ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಕ್ಯಾಮೆರಾದ ಲೋಹದ ಕವಚಕ್ಕೆ ಮುಟ್ಟಿಸಿದಳು. ಮುಖ ಕಿವುಚಿತು.

"ಅಬಬಬಾ! ಕುರಿದೊಡ್ಡ್ಯಾಗ ತೋಳ ಹೊಕ್ಕಂಗೈತಿ. ಕೇಳ ಇಲ್ಲಿ."

ಕೇಳಿದೆ. ಮೋಟಾರು ಏರಿಸಿದಂತೆ 'ಕುಂಯ್' ಏರುತ್ತಿತ್ತು. ಅವಳು ಹಾಕಿದ್ದ ಮೈಯ ಸ್ಕ್ರೂ ಬಿಚ್ಚಿ, ಮೈನಸ್ ತಂತಿಯನ್ನು ಬ್ಯಾಟರಿಯ ತನಕ ಎಳೆದೆವು. ಅಳು ತಗ್ಗಿತು, ನಿಲ್ಲಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಗ ನನಗೆ ಕ್ಯಾಮೆರಾದ ಕವಚ ಕಣ್ಣಿಗೆ ಬಿತ್ತು. ಅದನ್ನು ಕಂಪನಿಯವರೇ ಉಕ್ಕಿನ ಸ್ಕ್ರೂ ಹಾಕಿ ಡ್ರೋನಿನ ಮೈಗೆ ಬಿಗಿದಿದ್ದರು. ಆ ಕಡೆ ಬ್ಯಾಟರಿ ಬಂದು ಸೇರುವ ಬೋರ್ಡಿನ ಮೈನಸ್ಸೂ ಒಂದು ಸ್ಕ್ರೂ ಮೂಲಕ ಅದೇ ಮೈಗೆ ತಾಗಿತ್ತು. ಅಂದರೆ ಮೋಟಾರಿನ ಕರೆಂಟಿಗೆ ವಾಪಸ್ ಬರಲು ಎರಡು ದಾರಿ. ಒಂದು ತನ್ನ ದಪ್ಪ ತಂತಿ, ಇನ್ನೊಂದು ಡ್ರೋನಿನ ಮೈ ಹಿಡಿದು, ಕ್ಯಾಮೆರಾದ ಕವಚ ಹೊಕ್ಕು, ಕೂದಲಿನಂಥ ಯುಎಸ್‌ಬಿ ತಂತಿಯೊಳಗಿಂದ. ಕ್ಯಾಮೆರಾ ಕಣ್ಣು ಮುಚ್ಚದೆ ಏನು ಮಾಡೀತು? ನಾನು ಸ್ಕ್ರೂ ಬಿಚ್ಚಿ ಕ್ಯಾಮೆರಾವನ್ನು ಕೈಯಲ್ಲಿ ಎತ್ತಿ ಹಿಡಿದೆ.

"ನಿಂದ್ರ! ಹಂಗ ಹಿಡಕೋ! ಅಲುಗಾಡಬ್ಯಾಡ!" ಮಾಯಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮೋಟಾರು ಪೂರ್ತಿ ಜೋರಿನಲ್ಲಿ ಕಿರುಚುತ್ತಿತ್ತು. ಅವಳ ಮುಖದ ಮೇಲಿನ ಗಂಟೆಲ್ಲ ಸಡಿಲಾಯಿತು. ಸ್ಪೀಕರನ್ನು ನನ್ನ ಕಿವಿಗೆ ಒತ್ತಿದಳು.

"ಏನ ಕೇಳಸ್ತೈತಿ?"

"ಏನೂ ಇಲ್ಲರಿ!"

"ಹುಚ್ಚಪ್ಯಾಲಿ, ಮತ್ತ ಅಳಾಕ ಚಾಲೂ ಮಾಡಿದಿ?" ಎಂದು ನನ್ನ ತಲೆಗೆ ಮೊಟಕಿದಳು. ಅಷ್ಟೊತ್ತಿಗೆ ನಾನು ನಗುತ್ತಲೂ ಇದ್ದೆ.

ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ಕ್ಯಾಮೆರಾಕ್ಕೂ ಮೈಗೂ ನಡುವೆ ಹಾಸಿದೆವು. ಉಕ್ಕಿನ ಸ್ಕ್ರೂ ಬದಲಿಗೆ ಪ್ಲಾಸ್ಟಿಕ್ ಸ್ಕ್ರೂ. ಮುರಿದ ರೆಕ್ಕೆಯ ಜಾಗಕ್ಕೆ ಪೆಟ್ಟಿಗೆಯಲ್ಲಿದ್ದ ಹೊಸ ರೆಕ್ಕೆ. ಪ್ಲಸ್ಸನ್ನೂ ಮೈನಸ್ಸನ್ನೂ ಹೆರಳಿನಂತೆ ಹೆಣೆದು ಒಂದೇ ಜಾಗದಿಂದ ತಂದೆವು. "ಎಲ್ಲಿಂದ ಹ್ವಾದಿ, ಅಲ್ಲಿಗೇ ಸೀದಾ ತಿರುಗಿ ಬಾ. ನಡುವ ಮಂದಿ ಮನಿ ಹೊಕ್ಕರ ಗದ್ದಲ ಆಗೂದ" ಎಂದಳು ಮಾಯಕ್ಕ. ಮೈಯ ದಾರಿ ತಾನೇ ಹಾಕಿದ್ದಳೆಂಬುದನ್ನು ಆಗಲೇ ಮರೆತಿದ್ದಳು.

ಹುಕ್ಕೇರಿಗೆ ಬಸ್ಸಿನಲ್ಲಿ ಹೋದೆವು. ಬರ್ರಿ ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕರದಂಟು ಕೊಂಡು, ದಾರಿಯುದ್ದಕ್ಕೂ ತಿನ್ನುತ್ತ, ಡ್ರೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಕಂಡಕ್ಟರ್ ಪೆಟ್ಟಿಗೆಗೆ ಟಿಕೆಟ್ ತೆಗೆಸಿ ಎಂದಾಗ, "ಸೀಟಿನ ಮ್ಯಾಲ ಕುಂತೈತೇನ? ನನ್ನ ತೊಡಿ ಮ್ಯಾಲ ಕುಂತೈತಿ, ಕೂಸು" ಎಂದಳು.

ಹೊಲದಲ್ಲಿ ಅಧ್ಯಕ್ಷರು, ಅವರ ಕಡೆಯ ನಾಲ್ಕು ಮಂದಿ, ಆ ಹೆಂಡತಿಯ ತಮ್ಮನ ಮಗ, ಇಂಜಿನಿಯರ್. ಇಂಜಿನಿಯರ್ ಡ್ರೋನ್ ಕಂಡಕೂಡಲೇ ಹುಬ್ಬು ಗಂಟಿಕ್ಕಿದ.

"ಇದನ್ನು ಯಾರು ಬಿಚ್ಚಿದ್ದು? ಸೀಲು ಕಿತ್ತುಹೋಗಿದೆ. ಇನ್ನು ಇದಕ್ಕೆ ನಾವು ಜವಾಬ್ದಾರರಲ್ಲ."

"ನಾ ಕಿತ್ತೇನಿ" ಎಂದಳು ಮಾಯಕ್ಕ.

"ಇಬ್ಬರೂ ಕಿತ್ತೇವಿ" ಎಂದೆ ನಾನು.

"ನೀವು ಯಾರು?"

"ಟ್ರ್ಯಾಕ್ಟರ್ ಟೇಪಿನಾಕಿ."

ಸುತ್ತಲಿದ್ದವರು ನಕ್ಕರು. ಅಧ್ಯಕ್ಷರು, "ಹಾರಸೂದೇನ ಬ್ಯಾಡ ಬಿಡ್ರಿ ಹಂಗಾರ, ಬಿಚ್ಚಿದ ಮ್ಯಾಲ ಮುಗೀತು" ಎಂದು ಎದ್ದೇಬಿಟ್ಟರು. ಇಷ್ಟೆಲ್ಲ ಮಾಡಿ ಹಾರಿಸಲೂ ಬಿಡದೆ ಕಸಿದುಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಮಾಯಕ್ಕ ಡ್ರೋನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕುಂಡ್ರಿ ಧಣೇರ. ಜವಾಬ್ದಾರಿ ನಮ್ಮದ. ಬಿದ್ದರ ನಾ ಹೊರತೇನಿ, ನನ್ನ ಅಂಗಡಿ ಮೂಡಲಗ್ಯಾಗ ಐತಿ, ಓಡಿ ಹೋಗೂದಿಲ್ಲ. ಹಾರೂ ಮೊದಲ ಸಾಹೇಬ್ರು ಒಂದ ಕೇಳಲಿ. ಸುಜಾತಾ, ರೆಕ್ಕಿ ತಗಿ, ಮೋಟಾರ್ ಹಚ್ಚ."

ಹಚ್ಚಿದೆ. ಅವಳು ಕೊರಳಿನಿಂದ ಸ್ಪೀಕರ್ ತೆಗೆದು ಇಂಜಿನಿಯರನ ಕಿವಿಗೆ ಹಿಡಿದಳು. ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಮೊದಲು ಡ್ರೋನಿನ ಮೈಗೆ ಮುಟ್ಟಿಸಿದಳು. ಕುಂಯ್ ಸದ್ದಿಗೆ ಅವನು ಬೆಚ್ಚಿ ಕಿವಿ ಸರಿಸಿದ. ಆಮೇಲೆ ಕ್ಯಾಮೆರಾಕ್ಕೆ ಮುಟ್ಟಿಸಿದಳು.

"ಏನ ಕೇಳಸ್ತೈತಿ?"

ಅವನು ಅಧ್ಯಕ್ಷರ ಕಡೆ ನೋಡಿದ.

"ನಾ ಸಂಜೀತನಾ ಕುಂಡ್ರತೇನಿ, ನನಗೇನ ಅವಸರ ಇಲ್ಲ. ಏನ ಕೇಳಸ್ತೈತಿ?"

"ಏನೂ ಇಲ್ಲ."

"ನನಗ ಒಂದ ಕಿವಿ ಕೇಳೂದಿಲ್ರಿ. ಜೋರಾಗಿ."

"ಏನೂ ಇಲ್ಲ ಅಂದೆನಲ್ಲ!"

"ಹಾಂ. ರೆಕ್ಕಿ ಹಾಕಿ ಹಾರಸ ಬೇ."

ಹಾರಿಸಿದೆ. ಮಾಳಿಗೆ ದಾಟಿತು, ತೆಂಗಿನಮರ ದಾಟಿತು. ಬೇಕೆಂದೇ ಜೋರಾಗಿ ಏರಿಸಿದೆ, ಸಾಯುವುದಿದ್ದರೆ ಈಗಲೇ ಸಾಯಲಿ ಎಂದು. ಚಿತ್ರ ಅಲುಗಲಿಲ್ಲ. ಬದುವಿನಿಂದ ಹಸಿರೋ ಹಸಿರು ಎಂದು ಕಾಣುತ್ತಿದ್ದ ಅಧ್ಯಕ್ಷರ ಕಬ್ಬಿನ ನಡುವೆ, ಪರದೆಯ ಮೇಲೆ, ಊಟದ ಎಲೆಯಂತೆ ಹರಡಿದ ಹಳದಿ ಕಂಡಿತು. ಅಧ್ಯಕ್ಷರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಎವ್ವಾ, ನಮ್ಮ ಹೊಲಾನೂ ತಿಂದೈತೇನ!" ಎಂದು ಕೂಗಿ, ಧೋತರ ಎತ್ತಿಕೊಂಡು ಕಬ್ಬಿನೊಳಗೆ ಓಡಿದರು. ಬೇರು ಅಗೆದಾಗ ಗೊಣ್ಣೆಹುಳು ಹಿಡಿ ಹಿಡಿ ಸಿಕ್ಕವು.

ವಾಪಸ್ ಬಂದು ಬೆವರು ಒರೆಸಿಕೊಂಡು, "ಡ್ರೋನ್ ನಿಮ್ಮ ಕಡೇನ ಇರಲಿ ಬಿಡ್ರಿ ಬಾಯಾರ" ಎಂದರು.

"ಇರಲಿ ಅನ್ನೂದೇನ್ರಿ? ನನ್ನ ಕಡೇನ ಐತಿ" ಎಂದೆ. ಆ ಮಾತು ನನ್ನದಲ್ಲ, ಮಾಯಕ್ಕನದು. ಬಾಯಿ ಮಾತ್ರ ನನ್ನದಾಗಿತ್ತು. ಇಂಜಿನಿಯರನೂ ಕೆಟ್ಟವನೇನಲ್ಲ, ಅವನು ಹೇಳಿದ್ದೆಲ್ಲ ಮೇಲಿನವರು ಹೇಳಿಕೊಟ್ಟ ಮಾತು. ಹೊರಡುವಾಗ ಯಾರೂ ನೋಡದಂತೆ ಬಂದು ಟ್ಯೂಬಿನ ತುಂಡಿನ ಫೋಟೋ ತೆಗೆದುಕೊಂಡ. ಮಾಯಕ್ಕ ನೋಡಿಯೂ ನೋಡದವಳಂತೆ ಇದ್ದಳು. ಬಸ್ಸಿನಲ್ಲಿ ಮಾತ್ರ ಅದನ್ನೇ ಊರು ಮುಟ್ಟುವ ತನಕ ಹೇಳಿದಳು.

ಆಮೇಲೆ ಅವಳ ಅಂಗಡಿಗೆ ನಾನು ಹೋಗದ ವಾರವಿಲ್ಲ. ಎಡಗಿವಿಯೂ ಮಂದವಾಗುತ್ತ ಬಂತು. ಘಟಪ್ರಭಾದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಕಿವಿಗೆ ಮಷೀನು ಕೊಟ್ಟರು. ಸ್ಟೇಷನ್ನಿನ ಹತ್ತಿರ ಚಹಾ ಕುಡಿಯುವಷ್ಟರಲ್ಲಿ ಅದನ್ನು ಕಿತ್ತು ಉಡಿಯಲ್ಲಿ ಹಾಕಿಕೊಂಡಳು. "ಈ ಮಷೀನ ಕುಂಯ್ ಅಂತೈತಿ. ಇದರ ಮೈನಸ್ ಯಾರ ನೋಡ್ಯಾರೋ ಏನೋ" ಎಂದಳು. ನಾನು ನಕ್ಕೆ, ಆದರೆ ಅರ್ಧ ಚಹಾ ಹಾಗೇ ಬಿಟ್ಟೆ. ಕಿವಿಯಿಲ್ಲದ ಮಾಯಕ್ಕ ಹೇಗೆ ಬದುಕುತ್ತಾಳೆ ಎಂದು ನನಗೆ ದಿಗಿಲಾಗಿತ್ತು.

ಕಡೆಯ ಸಲ ಕಂಡಾಗ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅಂಗಡಿ ಮಾತ್ರ ತೆರೆದೇ ಇತ್ತು. ಭೀಮಶಿಯ ಟ್ರ್ಯಾಕ್ಟರಿನ ಮೇಲೆ ಹತ್ತಿ ಕೂತು, ಪೆಟ್ಟಿಗೆಯ ಸ್ಪೀಕರಿನ ಕಾಗದದ ಮೇಲೆ ಎರಡು ಬೆರಳು ಇಟ್ಟುಕೊಂಡು, ಇನ್ನೊಂದು ಕೈಯಿಂದ ರೇಸ್ ಕೊಡು ಎಂದು ಸನ್ನೆ ಮಾಡುತ್ತಿದ್ದಳು. ಎಂಜಿನ್ ಏರಿತು. "ಐತಿ, ಸಣ್ಣದೈತಿ, ಇರುವಿ ಹರದಂಗ" ಎಂದು ಅಂಗಡಿ ಹಾರುವ ಹಾಗೆ ಕೂಗಿದಳು. ಕಿವಿ ಹೋದ ಮೇಲೆ ಅವಳ ಮಾತೆಲ್ಲ ಕೂಗೇ. ನನ್ನನ್ನು ಕಂಡು, "ಏನ ನೋಡ್ತಿ? ಕಿವಿ ಹೋದ್ರ ಹೋತು, ಬೆರಳ ಹತ್ತ ಅದಾವ!" ಎಂದು ಹತ್ತೂ ಬೆರಳು ಎತ್ತಿ ತೋರಿಸಿದಳು.

ಅದಾಗಿ ಒಂದು ತಿಂಗಳಿಲ್ಲ. ಅಂಕಲಗಿಯ ಹೊಲದಲ್ಲಿದ್ದಾಗ ಭೀಮಶಿಯ ಫೋನು ಬಂತು. ಚಹಾ ಕುಡಿಯುತ್ತ ಅಂಗಡಿಯಲ್ಲೇ ಕೂತವಳು ಹಾಗೇ ಒರಗಿದಳಂತೆ. ಡ್ರೋನಿನ ಪೆಟ್ಟಿಗೆ ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿದೆ.

ಮಣ್ಣಿಗೆ ಒಯ್ಯಲು ಭೀಮಶಿಯ ಟ್ರ್ಯಾಕ್ಟರೇ ಬೇಕೆಂದು ಡ್ರೈವರುಗಳು ಹಟ ಹಿಡಿದಿದ್ದರು. ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು, ಎಲ್ಲದಕ್ಕೂ ಅವಳು ಕೂರಿಸಿದ ಟೇಪು. ಅವಳ ಕುಲದ ಹಿರಿಯನೊಬ್ಬ ಕೋಲೆತ್ತಿ ಅಡ್ಡ ನಿಂತ. "ಮಣ್ಣಿಗೆ ಬಂದೀರೋ, ಮದವಿಗೆ ಬಂದೀರೋ? ಒಂದ ಹಾಡ ಹಚ್ಚಿದ್ರ ನೋಡ್ರಿ ಮತ್ತ!"

"ಹಾಡ ಹಚ್ಚೂದಿಲ್ಲ ಮಾಮಾ" ಎಂದ ಭೀಮಶಿ. ಸೀಟಿನ ಮೇಲೆ ಹತ್ತಿ ಟೇಪು ಹಚ್ಚಿದ, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ, ಸದ್ದಿನ ಗುಂಡಿಯನ್ನು ಕಡೆಯ ತನಕ ತಿರುಗಿಸಿದ. ಹಿಂದಿನ ಟ್ರ್ಯಾಕ್ಟರಿನವನೂ ಹಾಗೇ ಮಾಡಿದ. ಅವನ ಹಿಂದಿನವನೂ. ಆಮೇಲೆ ಎಲ್ಲರೂ ಒಮ್ಮೆಲೇ ರೇಸ್ ಕೊಟ್ಟರು. ಎಂಜಿನ್ನುಗಳು ಗುಡುಗಿದವು, ಕರಿಹೊಗೆ ಎದ್ದಿತು, ನೆಲ ನಡುಗಿತು. ಹಿರಿಯ ಕೋಲು ಕೆಳಗಿಳಿಸಿ ಬೆಪ್ಪಾಗಿ ನೋಡಿದ.

ಭೀಮಶಿ ಸೀಟಿನ ಮೇಲಿಂದ ತಿರುಗಿದ. ಕಣ್ಣು ಕೆಂಪಾಗಿದ್ದವು. ನೇರ ನನ್ನನ್ನೇ ನೋಡಿ ಕೂಗಿದ:

"ಅಕ್ಕಾರ, ಏನ ಕೇಳಸ್ತೈತ್ರಿ?"

ಪೆಟ್ಟಿಗೆಯನ್ನು ಕೆಳಗಿಟ್ಟೆ. ಟ್ರೇಲರಿನಲ್ಲಿ ಮಾಯಕ್ಕ ಮಲಗಿದ್ದಳು, ಕೊರಳಲ್ಲಿ ಆ ಸ್ಪೀಕರು ಇತ್ತು. ಟ್ರ್ಯಾಕ್ಟರಿನ ಮೇಲೆ ಹತ್ತಿ ದೊಡ್ಡ ಪೆಟ್ಟಿಗೆಗೆ ಕಿವಿ ಹಚ್ಚಿದೆ. ಕುಂಯ್ ಇಲ್ಲ. ಇರುವೆ ಹರಿದಷ್ಟೂ ಇಲ್ಲ. ತಲೆಯಾಡಿಸಿದೆ.

"ತಲಿ ಆಡಿಸಿದ್ರ ನಡಿಯೂದಿಲ್ರಿ."

"ಏನೂ ಇಲ್ಲ" ಎಂದೆ.

"ಜೋರಾಗಿರಿ!"

"ಏನೂ ಇಲ್ಲ!" ಎಂದು ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ. ಹಿಂದಿದ್ದ ಡ್ರೈವರುಗಳೂ ಕೂಗಿದರು. ಆಮೇಲಷ್ಟೇ ಭೀಮಶಿ ಗೇರು ಹಾಕಿದ, ಟ್ರ್ಯಾಕ್ಟರು ಹೊರಟಿತು.